ಮ್ಯಾಂಗನೀಸ್‌ಗೆ ಅರ್ಧ ತುಂಬಿದ 3ಡಿ ಅಷ್ಟು ಆರಾಮ ಇದ್ರ, +7 ತನಕ ಯಾಕ ಹೋಗ್ತದ?

ಸೇಡಂ_ಪಿಯು
ಎಲ್ಲರಿಗೂ ಶರಣಾರ್ಥಿ. ಸೆಕೆಂಡ್ ಪಿಯುಸಿ ಸೈನ್ಸ್ ಓದ್ಲಿಕತ್ತೀನಿ. ಡಿ ಬ್ಲಾಕ್ (ಆವರ್ತ ಕೋಷ್ಟಕದ ನಡುವಿನ ಲೋಹಗಳು) ಪಾಠದಾಗ ಒಂದು ಕಡಿ ಸಿಕ್ಕೊಂಡೀನಿ. 3ಡಿ, 4ಎಸ್ ಅಂದ್ರ ಪರಮಾಣುವಿನಾಗ ಎಲೆಕ್ಟ್ರಾನ್ ಇರೋ ಮನಿಗಳು; +2, +7 ಅಂದ್ರ ಎಷ್ಟು ಎಲೆಕ್ಟ್ರಾನ್ ಕೊಟ್ಟಂಗ ಅನ್ನೋ ಲೆಕ್ಕ, ಅದೇ ಉತ್ಕರ್ಷಣ ಸ್ಥಿತಿ. ಗೈಡ್‌ನಾಗ "ಮ್ಯಾಂಗನೀಸ್ +2 ಸ್ಥಿರ, ಯಾಕಂದ್ರ 3ಡಿ ಅರ್ಧ ತುಂಬಿರ್ತದ" ಅಂತ ಬರದಾರ. ಮುಂದಿನ ಪ್ರಶ್ನೆಗೇ "ಮ್ಯಾಂಗನೀಸ್‌ನ ಗರಿಷ್ಠ ಉತ್ಕರ್ಷಣ ಸ್ಥಿತಿ +7, 3ಡಿಯ ಐದು, 4ಎಸ್‌ನ ಎರಡು ಕೂಡಿ" ಅಂತದ. ಆ ಐದು ಅಷ್ಟು ಆರಾಮ ಕುಂತಿದ್ರ ಅವನ್ನೂ ಬಿಟ್ಟು +7 ತನಕ ಹೋಗೋದು ಎದಕ್ಕ? ಅತ್ಲಾಗ ಸತುವಿನ ಹತ್ರ ಹತ್ತು ಡಿ ಎಲೆಕ್ಟ್ರಾನ್ ಅವ, ಅದು ಒಂದೂ ಕೊಡಂಗಿಲ್ಲ. ಎರಡೂ ಉತ್ತರ ಬಾಯಿಪಾಠ ಮಾಡಿದ್ರ ಮಾರ್ಕ್ಸ್ ಬರ್ತಾವ, ಗೊತ್ತದ. ನನಗ ಕಾರಣ ಬೇಕು.

ಎಂಎಸ್ಸಿ_ಹುಡುಗ
ಭಾಳ ಸರಳ. 3ಡಿ ಮತ್ತ 4ಎಸ್ ಕಕ್ಷಕಗಳ ಶಕ್ತಿ ಹತ್ತಿರ ಹತ್ತಿರ ಅದ. ಅದಕ್ಕ ಎಷ್ಟು ಬೇಕಾದ್ರೂ ಎಲೆಕ್ಟ್ರಾನ್ ಬಳಕಿ ಆಗ್ತಾವ. ಅರ್ಧ ತುಂಬಿದ್ದು, ಪೂರ್ತಿ ತುಂಬಿದ್ದು ಹೆಚ್ಚು ಸ್ಥಿರ. ಅಷ್ಟೇ.

ಸೇಡಂ_ಪಿಯು
ಅಣ್ಣಾ, ಗೈಡ್‌ನಾಗೂ ಇದೇ ಅದ. ನನ್ನ ಪ್ರಶ್ನೆ ಅಲ್ಲೇ ಉಳೀತು.

ಬ್ಯುರೆಟ್_ಮೇಷ್ಟ್ರು
ತಂಗಿ, ಪ್ರಶ್ನೆ ಚಲೋ ಅದ. ಗೈಡ್ ಎರಡೂ ಕಡಿ ಖರೇನೇ ಬರದದ, ನಡುವಿನ ಲೆಕ್ಕ ಮಾತ್ರ ನುಂಗ್ಯದ.

ಮೊದಲು ನಿಮ್ಮ ಸೇಡಂ ಸುಣ್ಣದಕಲ್ಲಿನಿಂದ ಸುರು ಮಾಡೋಣು. ಅದರಾಗಿನ ಕ್ಯಾಲ್ಸಿಯಂನ ಒಂದನೇ ಎಲೆಕ್ಟ್ರಾನ್ ಕೀಳಲಿಕ್ಕ ಮೋಲ್‌ಗೆ 590 ಕಿಲೋಜೌಲ್ ಬೇಕು. ಎರಡನೇದಕ್ಕ 1145. ಮೂರನೇದಕ್ಕ ಒಮ್ಮೆಲೇ 4912. ಅದಕ್ಕೇ ಕ್ಯಾಲ್ಸಿಯಂ ಕಲ್ಲಿನಾಗಿರಲಿ, ಸಿಮೆಂಟಿನಾಗಿರಲಿ, ನಮ್ಮ ಎಲುಬಿನಾಗಿರಲಿ, +2 ಬಿಟ್ಟು ಕದಲಂಗಿಲ್ಲ. ಈಗ ಆವರ್ತ ಕೋಷ್ಟಕದಾಗ ಎರಡು ಮನಿ ಬಲಕ್ಕ ಸರದು ಟೈಟಾನಿಯಂ ನೋಡು: 659, 1310, 2653, 4175, ಆಮ್ಯಾಲ 9581. ಟೈಟಾನಿಯಂನ ನಾಲ್ಕನೇ ಎಲೆಕ್ಟ್ರಾನ್ ಕ್ಯಾಲ್ಸಿಯಂನ ಮೂರನೇದಕ್ಕಿಂತ ಸೋವಿ! ಖರ್ಚು ಮೆಟ್ಟಲು ಮೆಟ್ಟಲಾಗಿ ಏರ್ತದ, ದೊಡ್ಡ ಜಿಗಿತ ಬರೋದು 4ಎಸ್, 3ಡಿ ಎರಡೂ ಖಾಲಿ ಆದಮ್ಯಾಲ. "ಶಕ್ತಿ ಹತ್ತಿರ ಹತ್ತಿರ ಅದ" ಅನ್ನೋದರ ಅರ್ಥ ಇದು.

ಈಗ ಎರಡನೇ ಭಾಗ. ಯಾವ ಎಲೆಕ್ಟ್ರಾನೂ ಖುಷಿಯಿಂದ ಬಿಟ್ಟು ಹೋಗಂಗಿಲ್ಲ. +1 ಆಗಲಿಕ್ಕೂ ಖರ್ಚೇ, +2ಕ್ಕೂ ಖರ್ಚೇ. ಆ ಖರ್ಚು ಯಾರರ ತುಂಬಿ ಕೊಡಬೇಕು: ಸುತ್ತ ನೆರೆಯೋ ನೀರಿನ ಅಣುಗಳು, ಇಲ್ಲಾ ಹರಳಿನಾಗಿನ ಎದುರು ಅಯಾನುಗಳು, ಇಲ್ಲಾ ಆಕ್ಸಿಜನ್ ಜೋಡಿ ಆಗೋ ಬಂಧ. ಜಮಾ ಖರ್ಚು ಎಲ್ಲಿ ಹೊಂದ್ತದೋ ಲೋಹ ಅಲ್ಲಿ ನಿಲ್ತದ. ಅದಕ್ಕ "ಯಾವ ಸ್ಥಿತಿ ಸ್ಥಿರ" ಅಂತ ಕೇಳಿದ್ರ ಅರ್ಧ ಪ್ರಶ್ನೆ ಆಯ್ತು. ಎದರಾಗ, ಯಾರ ಜೋಡಿ ಅಂತನೂ ಕೇಳಬೇಕು.

ಸೇಡಂ_ಪಿಯು
ಹಂಗಿದ್ರ +7ರ ಖರ್ಚು ಯಾರು ತುಂಬ್ತಾರ ಸರ?

ಬ್ಯುರೆಟ್_ಮೇಷ್ಟ್ರು
ಯಾರೂ ತುಂಬಂಗಿಲ್ಲ. ಮ್ಯಾಂಗನೀಸ್‌ನ ಏಳೂ ಅಯಾನೀಕರಣ ಶಕ್ತಿ (ಎಲೆಕ್ಟ್ರಾನ್ ಕೀಳೋ ಖರ್ಚು) ಕೂಡಿಸಿದ್ರ ಮೋಲ್‌ಗೆ ಸುಮಾರು 38,000 ಕಿಲೋಜೌಲ್ ಆಗ್ತದ. ಅಷ್ಟು ಕೊಡೋ ನೀರೂ ಇಲ್ಲ, ಹರಳೂ ಇಲ್ಲ. ಅದಕ್ಕ ಬರೀ ಮೈಯ +7 ಮ್ಯಾಂಗನೀಸ್ ಅಯಾನು ಯಾವ ಬಾಟಲಿಯಾಗೂ ಇಲ್ಲ. ಪರಮಾಂಗನೇಟ್‌ನಾಗ ಮ್ಯಾಂಗನೀಸ್ ನಾಲ್ಕು ಆಕ್ಸಿಜನ್ ನಡುವ ಕುಂತು ಎಲೆಕ್ಟ್ರಾನ್ ಹಂಚಿಕೊಂಡಿರ್ತದ. ಬಂಧದ ಎಲೆಕ್ಟ್ರಾನ್ ಎಲ್ಲಾ ಆಕ್ಸಿಜನ್‌ದೇ ಅಂತ ನಾವು ಲೆಕ್ಕ ಹಾಕಿದಾಗ ಬರೋ ಸಂಖ್ಯೆ +7. ಮ್ಯಾಂಗನೀಸ್ ಮ್ಯಾಲ ಖರೇ ಇರೋ ಚಾರ್ಜ್ ಅದಕ್ಕಿಂತ ಭಾಳ ಕಡಿಮಿ. ನಿನ್ನ ಐದು "ಆರಾಮ" ಎಲೆಕ್ಟ್ರಾನ್ ಮನಿ ಬಿಟ್ಟು ಓಡಿ ಹೋಗಿಲ್ಲ, ಬಂಧದಾಗ ಸೇರ್ಯಾವ.

ಇದಕ್ಕ ಒಂದು ಪುರಾವೆ ನಿನ್ನ ಪಠ್ಯದಾಗೇ ಅದ. ಎಲೆಕ್ಟ್ರಾನ್ ಎಳೆಯೋದರಾಗ ಫ್ಲೋರಿನ್ ಎಲ್ಲರಿಗಿಂತ ಮುಂದ. ಆದ್ರೂ ಮ್ಯಾಂಗನೀಸ್ ಫ್ಲೋರೈಡ್ +4ಕ್ಕ ನಿಂತುಬಿಡ್ತದ, ಆಕ್ಸೈಡ್ +7 ತನಕ ಹೋಗ್ತದ. ಯಾಕಂದ್ರ ಆಕ್ಸಿಜನ್ ಲೋಹದ ಜೋಡಿ ದ್ವಿಬಂಧ ಕಟ್ಟಬಲ್ಲದು, ಫ್ಲೋರಿನ್‌ಗೆ ಅದು ಆಗಂಗಿಲ್ಲ.

(ಮ್ಯಾಂಗನೀಸ್‌ನ ಆ +7 ಆಕ್ಸೈಡ್ ಹಸಿರು ಛಾಯೆಯ ಎಣ್ಣಿಯಂಥ ದ್ರವ, ಸಿಡೀತದ. ಲ್ಯಾಬ್‌ನಾಗ ಪರಮಾಂಗನೇಟ್ ಹರಳಿನ ಮ್ಯಾಲ ಸಾಂದ್ರ ಸಲ್ಫ್ಯೂರಿಕ್ ಆಮ್ಲ ಹಾಕಿ "ನೋಡೋಣು" ಅನ್ನೋ ಹುಡುಗರು ಪ್ರತಿ ಬ್ಯಾಚಿನಾಗೂ ಇರ್ತಾರ. ಬ್ಯಾಡ.)

ಎಂಎಸ್ಸಿ_ಹುಡುಗ
ಸರ, ಹಂಗಂತ ಅರ್ಧ ತುಂಬಿದ ಸ್ಥಿರತೆ ಸುಳ್ಳೇನು? ಮ್ಯಾಂಗನೀಸ್ +3 ಇಂದ +2ಕ್ಕ ಬರೋ ವಿಭವ (ಎಲೆಕ್ಟ್ರಾನ್ ಎಳಕೊಳ್ಳೋ ಒಲವು) +1.57 ವೋಲ್ಟ್. ಡಿ5, ಅಂದ್ರ 3ಡಿಯಾಗ ಐದು ಎಲೆಕ್ಟ್ರಾನ್, ಆಗಲಿಕ್ಕ ಓಡೋಡಿ ಬರ್ತದ.

ಬ್ಯುರೆಟ್_ಮೇಷ್ಟ್ರು
ಸುಳ್ಳಲ್ಲ. ಆದ್ರ ಎಲ್ಲಾ ಬೀಗಕ್ಕೂ ಅದೊಂದೇ ಕೀಲಿಕೈ ಹಾಕ್ತೀರಿ, ಅದು ನನ್ನ ತಕರಾರು. ಕ್ರೋಮಿಯಂ +2 ತಗೋರಿ, ಡಿ4. ಮ್ಯಾಂಗನೀಸ್ +3 ತಗೋರಿ, ಅದೂ ಡಿ4. ಎಲೆಕ್ಟ್ರಾನ್ ಸಂಖ್ಯೆ ಒಂದೇ, ಸ್ವಭಾವ ಪೂರಾ ಉಲ್ಟಾ. ಕ್ರೋಮಿಯಂ +2 ಎಲೆಕ್ಟ್ರಾನ್ ಕೊಟ್ಟು +3 ಆಗಲಿಕ್ಕ ತಯಾರ, ಆ ಜೋಡಿಯ ವಿಭವ −0.41 ವೋಲ್ಟ್. ಮ್ಯಾಂಗನೀಸ್ +3 ಎಲೆಕ್ಟ್ರಾನ್ ಕಸ್ಕೊಳ್ಳಲಿಕ್ಕ ತಯಾರ. ಕ್ರೋಮಿಯಂ ಕೊಟ್ಟು ಆಗೋದು ಡಿ3. ಅದು ಅರ್ಧನೂ ಅಲ್ಲ, ಪೂರ್ತಿನೂ ಅಲ್ಲ! ಆರು ನೀರಿನ ಅಣು ಸುತ್ತ ಕುಂತಾಗ ಐದು ಡಿ ಕಕ್ಷಕ ಮೂರು ಕೆಳಗ, ಎರಡು ಮ್ಯಾಲ ಅಂತ ಒಡೀತಾವ. ಕೆಳಗಿನ ಮೂರರಾಗ ಒಂದೊಂದು ಎಲೆಕ್ಟ್ರಾನ್ ಅಂದ್ರ ಡಿ3ಕ್ಕ ಆರಾಮ. ನೀರು ತಗದ್ರ ಆ ವಾದ ಬಿದ್ದು ಹೋಗ್ತದ.

ಎಂಎಸ್ಸಿ_ಹುಡುಗ
ಒಪ್ಪಿದೆ. ಆದ್ರ ನನ್ನ ಡಿ5 ವಾದಕ್ಕ ಲೆಕ್ಕದ ಆಧಾರ ಅದ, ಅದನ್ನೂ ತಂಗಿಗೆ ಹೇಳ್ತೀನಿ. ಒಂದೇ ದಿಕ್ಕಿನ ಸ್ಪಿನ್ ಇರೋ ಎಲೆಕ್ಟ್ರಾನ್‌ಗಳ ನಡುವ ವಿನಿಮಯ ಶಕ್ತಿ ಅಂತ ಒಂದು ಉಳಿತಾಯ ಇರ್ತದ. ಎಷ್ಟು ಜೋಡಿ ಆಗ್ತಾವೋ ಅಷ್ಟು ಉಳಿತಾಯ. ಡಿ4ರಾಗ 6 ಜೋಡಿ, ಡಿ5ರಾಗ 10 ಜೋಡಿ. ಡಿ6ರಾಗ ಆರನೇದು ಉಲ್ಟಾ ಸ್ಪಿನ್, ಅದಕ್ಕ ಅಲ್ಲೂ 10ಏ. ಮ್ಯಾಂಗನೀಸ್ +2 ಇಂದ +3ಕ್ಕ ಹೋದ್ರ 10 ಇದ್ದಿದ್ದು 6 ಆಗ್ತದ, ನಾಲ್ಕು ಜೋಡಿ ನಷ್ಟ. ಕಬ್ಬಿಣ +2 ಇಂದ +3ಕ್ಕ ಹೋದ್ರ 10 ಇದ್ದಿದ್ದು 10ಏ, ನಷ್ಟ ಸೊನ್ನಿ. ಮೂರನೇ ಅಯಾನೀಕರಣ ಶಕ್ತಿ ನೋಡು: ಮ್ಯಾಂಗನೀಸ್ 3248, ಕಬ್ಬಿಣ 2957. ಕಬ್ಬಿಣದ ಬೀಜದಾಗ (ನ್ಯೂಕ್ಲಿಯಸ್) ಪ್ರೋಟಾನ್ ಒಂದು ಹೆಚ್ಚಿಗಿ ಇದ್ರೂ ಖರ್ಚು ಕಡಿಮಿ. ಪಕ್ಕಪಕ್ಕದ ಈ ಇಬ್ಬರ ನಡುವ +3 ವಿಷಯದಾಗ ಇಷ್ಟು ಫರಕ್ ಬರೋದು ಇದಕ್ಕೇ.

ಬ್ಯುರೆಟ್_ಮೇಷ್ಟ್ರು
ಇದು ಚಲೋ ಬರದಿ. "ಸ್ಥಿರತೆ" ಅಂತ ಒಂದೇ ಮಾತಿಗೆ ಮುಗಿಸಿದ್ರ ಇದು ಕಾಣಂಗಿಲ್ಲ.

ಯಾದಗಿರಿ_ಲ್ಯಾಬ್
ನೀರು ಪರೀಕ್ಷೆ ಮಾಡೋಳು ನಾ. ಈ ಕಬ್ಬಿಣದ ಮಾತು ನಮ್ಮ ಟೇಬಲ್ ಮ್ಯಾಲ ದಿನಾ ನಡೀತದ. "ಬೋರಿನ ನೀರು ತೆಗದಾಗ ಸ್ವಚ್ಛ ಇತ್ತು ಮೇಡಂ, ಕೊಡದಾಗ ಇಟ್ಟಮ್ಯಾಲ ಕೆಂಪಾಯ್ತು, ಯಾರೋ ಏನೋ ಹಾಕ್ಯಾರ" ಅಂತ ಬರ್ತಾರ. ಯಾರೂ ಏನೂ ಹಾಕಿಲ್ಲ. ಆಳದಾಗ ಆಕ್ಸಿಜನ್ ಇರಂಗಿಲ್ಲ, ಕಬ್ಬಿಣ +2 ಆಗಿ ನೀರಿನಾಗ ಕರಗಿರ್ತದ, ಕಣ್ಣಿಗೆ ಕಾಣಂಗಿಲ್ಲ. ಹೊರಗ ಗಾಳಿ ತಾಗಿದಾಗ +3 ಆಗ್ತದ. +3 ಕಬ್ಬಿಣ ಸಾಧಾರಣ ಪಿಎಚ್‌ನಾಗ ಕರಗಿರಲಿಕ್ಕ ಸಾಧ್ಯನೇ ಇಲ್ಲ, ಹೈಡ್ರಾಕ್ಸೈಡ್ ಆಗಿ ಕೆಂಪು ಗಸಿ ಕೆಳಗ ಕೂಡ್ತದ. ಉಪಾಯನೂ ಅದರಾಗೇ ಅದ: ನೀರು ಎತ್ತರದಿಂದ ಸಣ್ಣ ಸಣ್ಣ ಧಾರಿ ಆಗಿ ಬೀಳಿಸ್ರಿ, ಗಾಳಿ ಆಡಲಿ, ಆಮ್ಯಾಲ ಉಸುಕಿನ ಫಿಲ್ಟರ್‌ನಾಗ ಸೋಸ್ರಿ.

ಬಕೆಟ್‌ಗೆ ಹತ್ತೋ ಬಿಳಿ ಪಪ್ಪಡಿ ಬೇರೆ, ಅದು ಕ್ಯಾಲ್ಸಿಯಂ. ಸೇಡಂ, ಚಿತ್ತಾಪುರ ಕಡಿ ಅದೇ ಜಾಸ್ತಿ. ಅದಕ್ಕ ಗಾಳಿ ಆಡ್ಸಿದ್ರ ಏನೂ ಉಪಯೋಗ ಇಲ್ಲ, ಸ್ಥಿತಿ ಬದಲಾಗೋ ಲೋಹನೇ ಅಲ್ಲ ಅದು.

ಎರಿ_ಹೊಲ
ಅಕ್ಕಾರ, ಹಂಗಾದ್ರ ನನ್ನ ಡಬ್ಬಿ ಕಥಿನೂ ಇದೇ ಏನು? ಜೇವರ್ಗಿ ಕಡಿಯವ ನಾ. ಕಡ್ಲಿ ಎಲಿ ಹಳದಿ ಆದಾಗ ಅನ್ನಭೇದಿ ನೀರು ಹೊಡೀರಿ ಅಂತಾರ. ಕಲಸಿದ ದಿನ ತಿಳಿ ಹಸಿರು ಇರ್ತದ. ಉಳಿದಿದ್ದು ಇಟ್ರ ಕಂದು ಆಗ್ತದ, ಆಮ್ಯಾಲ ಹೊಡದ್ರ ಏನೂ ಫರಕ್ ಬೀಳಂಗಿಲ್ಲ.

ಯಾದಗಿರಿ_ಲ್ಯಾಬ್
ಅದೇ ರಿ ಕಾಕಾ. ಅನ್ನಭೇದಿ ಅಂದ್ರ ಫೆರಸ್ ಸಲ್ಫೇಟ್, ಕಬ್ಬಿಣ +2. ಇಟ್ಟಷ್ಟೂ ಗಾಳಿಗೆ +3 ಆಗಿ ಗಸಿ ಕಟ್ಟತದ. ಅದಕ್ಕೇ ಕಲಸುವಾಗ ಸ್ವಲ್ಪ ನಿಂಬಿ ಉಪ್ಪು, ಅಂದ್ರ ಸಿಟ್ರಿಕ್ ಆಮ್ಲ ಹಾಕ್ರಿ ಅನ್ನೋದು. ಹುಳಿ ಇದ್ದಾಗ ಈ ಬದಲಾವಣಿ ನಿಧಾನ ಆಗ್ತದ. ಅಂದಂದಿಂದು ಅಂದೇ ಹೊಡೀರಿ.

ನಿಮ್ಮ ಎರಿ ಮಣ್ಣಿನಾಗ ಕಬ್ಬಿಣಕ್ಕೇನೂ ಬರ ಇಲ್ಲ. ಸುಣ್ಣದ ಅಂಶ ಇದ್ದು ಪಿಎಚ್ 8ರ ಆಜುಬಾಜು ಇದ್ದಲ್ಲಿ ಎಲ್ಲಾ ಕಬ್ಬಿಣ +3 ಆಗಿ ಕಲ್ಲಾಗಿ ಕುಂತಿರ್ತದ, ಬೇರಿಗೆ ಸಿಗಂಗಿಲ್ಲ. ಕಡ್ಲಿ, ತೊಗರಿಯಂಥ ಗಿಡಗಳು ಬೇರಿನ ಮ್ಯಾಲ ಆ +3ಕ್ಕ ಎಲೆಕ್ಟ್ರಾನ್ ಕೊಟ್ಟು +2 ಮಾಡ್ಕೊಂಡು ಒಳಗ ತಗೋತಾವ. ಸುಣ್ಣ ಹೆಚ್ಚಿದ್ದು ಮಣ್ಣು ತೊಯ್ದು ನಿಂತಾಗ ಆ ಕೆಲಸ ಕೆಡ್ತದ, ಎಳಿ ಎಲಿ ಹಳದಿ ಆಗಿ ನರ ಅಷ್ಟೇ ಹಸಿರು ಉಳೀತಾವ. ಜ್ವಾಳದ ದಾರಿ ಬೇರೆ. ಹುಲ್ಲಿನ ಜಾತಿ ಬೆಳಿಗಳು ಬೇರಿನಿಂದ ಒಂದು ಪದಾರ್ಥ ಬಿಡ್ತಾವ, ಅದು +3 ಕಬ್ಬಿಣವನ್ನ ಹಂಗೇ ಹಿಡ್ಕೊಂಡು ಒಳಗ ತರ್ತದ.

ಎರಿ_ಹೊಲ
ಒಂದೇ ಹೊಲ, ಒಂದೇ ಕಬ್ಬಿಣ, ತೊಗರಿಗೊಂದು ದಾರಿ ಜ್ವಾಳಕ್ಕೊಂದು ದಾರಿ. ನಮ್ಮಪ್ಪ ಎರಡನ್ನೂ ಕೂಡಿ ಹಾಕ್ತಿದ್ದ, ಕಾರಣ ಬೇರೆ ಇತ್ತು ಬಿಡ್ರಿ.

ಬಿದ್ರಿ_ಮನಿ
ಬೀದರ್‌ನಿಂದ. ನಮ್ಮ ಮನ್ಯಾಗ ಬಿದ್ರಿ ಕೆಲಸ ನಡೀತದ, ಅದಕ್ಕ ಸತು, ತಾಮ್ರ ಎರಡರ ಮಾತೂ ನನಗ ಬೇಕು. ನಾವು ಎರಕ ಹೊಯ್ಯೋ ಮಿಶ್ರಣದಾಗ ಸತು 16 ಪಾಲು ಇದ್ರ ತಾಮ್ರ 1 ಪಾಲು. ಕಾನಸಿನಿಂದ ಉಜ್ಜಿ ನುಣುಪು ಮಾಡಿದಮ್ಯಾಲ ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರು ಸವರ್ತೀವಿ, ಮೈ ಕರ್ರಗ ಆಗ್ತದ, ಚಾಣದಿಂದ ಕೆತ್ತುವಾಗ ಗೆರಿ ಎದ್ದು ಕಾಣ್ತದ. ಬೆಳ್ಳಿ ಕೂಡ್ಸಿ ಮತ್ತ ಉಜ್ಜಿದಾಗ ಆ ಕಪ್ಪು ಹೋಗಿಬಿಡ್ತದ. ಕಡೀಕ ಬೀದರ್ ಕೋಟಿಯ (ಕಿಲ್ಲೆಯ) ಮಣ್ಣು, ನವಸಾಗರ (ಅಮೋನಿಯಂ ಕ್ಲೋರೈಡ್) ಕಲಸಿ ಬೆಚ್ಚಗ ಮಾಡಿದ ಸಾಮಾನಿಗೆ ಹಚ್ಚಿದ್ರ ಕಾಯಂ ಕಪ್ಪು ಬರ್ತದ, ಬೆಳ್ಳಿ ಮಾತ್ರ ಬೆಳ್ಳಗೇ ಉಳೀತದ. ಮೊದಲಿನ ಕಪ್ಪು ಹೋಗ್ತದ, ಎರಡನೇದು ಉಳೀತದ. ಯಾಕ?

ಬ್ಯುರೆಟ್_ಮೇಷ್ಟ್ರು
ಮೊದಲಿನ ಕಪ್ಪು ಈ ತಂಗಿಯ ಪರೀಕ್ಷಿ ಪ್ರಶ್ನೆನೇ. ಮೈಲುತುತ್ತದಾಗ ತಾಮ್ರ +2 ಅದ. ಸತು ಎರಡು ಎಲೆಕ್ಟ್ರಾನ್ ಕೊಟ್ಟು ತಾನು ನೀರಿಗೆ ಇಳೀತದ, ತಾಮ್ರ ಲೋಹದ ಪುಡಿ ಆಗಿ ಮೈಮ್ಯಾಲ ಕೂಡ್ತದ. ಭಾಳ ಸಣ್ಣ ಪುಡಿ ಇದ್ದಾಗ ತಾಮ್ರ ಕೆಂಪು ಕಾಣಂಗಿಲ್ಲ, ಕರ್ರಗೇ ಕಾಣ್ತದ. ಡೇನಿಯಲ್ ಕೋಶದಾಗ (ಸತು, ತಾಮ್ರದ ಬ್ಯಾಟರಿ) 1.10 ವೋಲ್ಟ್ ಬರೋದು ಇದೇ ಕ್ರಿಯೆಯಿಂದ, ನಿಮ್ಮಲ್ಲಿ ವೈರ್ ಇಲ್ಲ ಅಷ್ಟೇ. ಮ್ಯಾಲ ಮ್ಯಾಲ ಕುಂತಿದ್ದಕ್ಕ ಉಜ್ಜಿದ್ರ ಹೋಗ್ತದ.

ಎರಡನೇದು ಲೋಹದ ಮೈಯೇ ಬದಲಾಗಿ ಆಗಿದ್ದು. ಆ ಮಣ್ಣಿನಾಗಿನ ನೈಟ್ರೇಟ್, ಜೋಡಿಗೆ ನವಸಾಗರ, ಎರಡೂ ಕೂಡಿ ಮ್ಯಾಲಿನ ಪದರ ತಿಂತಾವ. ಸತುವಿನ ಸಂಯುಕ್ತಗಳು ಸಾಧಾರಣ ಬಿಳಿ, 3ಡಿ ಪೂರ್ತಿ ತುಂಬಿದ್ದರಿಂದ ಬಣ್ಣ ಕೊಡಲಿಕ್ಕ ಎಲೆಕ್ಟ್ರಾನ್‌ಗೆ ಜಾಗ ಇಲ್ಲ. ಅದಕ್ಕ ಬರೀ ಸತುವಿನ ಸಾಮಾನು ಮಾಡಿ ಅದೇ ಮಣ್ಣು ಹಚ್ಚಿದ್ರ ಬಿದ್ರಿ ಕಪ್ಪು ಬರಂಗಿಲ್ಲ. ಹದಿನೇಳರಾಗ ಒಂದು ಪಾಲು ಇರೋ ತಾಮ್ರನೇ ಆ ಕಪ್ಪಿನ ಯಜಮಾನ.

ಸೇಡಂ_ಪಿಯು
ಸರ, ತಾಮ್ರ +1 ಅಂದ್ರ ಡಿ10, ಪೂರ್ತಿ ತುಂಬಿದ್ದು. ಮೈಲುತುತ್ತದಾಗ +2, ಡಿ9. ಪೂರ್ತಿ ತುಂಬಿದ್ದು ಬಿಟ್ಟು ಡಿ9 ಯಾಕ? ಮತ್ತ ಸತುವಿನ ಉತ್ತರನೂ ಬಾಕಿ ಅದ.

ಬ್ಯುರೆಟ್_ಮೇಷ್ಟ್ರು
ಅದೇ ಜಮಾ ಖರ್ಚು. ತಾಮ್ರ +1 ಇಂದ +2ಕ್ಕ ಹೋಗಲಿಕ್ಕ 1958 ಕಿಲೋಜೌಲ್. ಆದ್ರ ನೀರಿನಾಗ +2 ಅಯಾನಿನ ಸುತ್ತ ಅಣುಗಳು ಬಿಗಿಯಾಗಿ ನೆರದು ಸುಮಾರು 2100 ವಾಪಸ್ ಕೊಡ್ತಾವ, +1ಕ್ಕ ಕೊಡೋದು 600ರ ಹತ್ತಿರ. ಅದಕ್ಕ ನೀರಿನಾಗ +1 ತಾಮ್ರ ಉಳಿಯಂಗಿಲ್ಲ. ಎರಡು +1 ಸೇರಿ ಒಂದು +2 ಆಗ್ತದ, ಇನ್ನೊಂದು ಲೋಹ ಆಗಿ ಬೀಳ್ತದ. ಅಯೋಡೈಡ್ ಹಾಕಿದ್ರ ಮತ್ತ ತಿರುಗು: ಕರಗದ +1 ಅಯೋಡೈಡ್ ಬಿಳಿ ಗಸಿ ಆಗ್ತದ, ಅಯೋಡಿನ್ ಹೊರಗ ಬೀಳ್ತದ. ಜೊತೆಗಾರ ಬದಲಾದ, ಗೆದ್ದವ ಬದಲಾದ.

ಸತುವಿನ ಮೂರನೇ ಎಲೆಕ್ಟ್ರಾನ್ 3833. ಕ್ಯಾಲ್ಸಿಯಂನಷ್ಟು ದೊಡ್ಡ ಜಿಗಿತ ಅಲ್ಲ, ಆದ್ರ ಸಾಲು ಬಲಕ್ಕ ಬಂದಂಗ ಬೀಜದ ಚಾರ್ಜ್ ಏರಿ 3ಡಿ ಒಳಗ ಎಳಕೊಂಡು ಬಿಟ್ಟಿರ್ತದ. ಆಕ್ಸಿಜನ್ ಜೋಡಿ ಬಂಧಕ್ಕೂ ಅವು ಸರಿಯಾಗಿ ಸಿಗಂಗಿಲ್ಲ. ಮ್ಯಾಂಗನೀಸ್ ದಾಟಿದಮ್ಯಾಲ ಗರಿಷ್ಠ ಸ್ಥಿತಿ ಇಳಕೋತ ಬರೋದಕ್ಕೂ ಇದೇ ಕಾರಣ: ಕಬ್ಬಿಣ ಕಷ್ಟಪಟ್ಟು +6, ನಿಕ್ಕಲ್ ಹೆಚ್ಚಾಗಿ +2, ಸತು ಪೂರಾ +2.

ಎಂಎಸ್ಸಿ_ಹುಡುಗ
ಅದಕ್ಕೇ ಸತು ಸಂಕ್ರಮಣ ಲೋಹ ಅಲ್ಲ. ಹಂಗ ಅನ್ನಿಸ್ಕೊಳ್ಳಲಿಕ್ಕ ಪರಮಾಣುವಿನಾಗ ಇಲ್ಲಾ ಅಯಾನಿನಾಗ ಡಿ ಅರೆಬರೆ ತುಂಬಿರಬೇಕು; ಸತುವಿಗೆ ಪರಮಾಣುವಿನಾಗೂ +2ರಾಗೂ ಡಿ ಪೂರ್ತಿ. ಡಿ ಬ್ಲಾಕ್ ಹೌದು, ಸಂಕ್ರಮಣ ಅಲ್ಲ. ಒಂದು ಮಾರ್ಕಿನ ಪ್ರಶ್ನೆ, ಗ್ಯಾರಂಟಿ.

ಕಟ್ಟಡ_ಕಲಬುರಗಿ
ನಾ ಕಾಂಟ್ರ್ಯಾಕ್ಟರ್. ನಿಮ್ಮ ಡಿ, ಎಸ್ ನನಗ ತಿಳಿಯಂಗಿಲ್ಲ. ನಮ್ಮ ಗೌಂಡಿಗಳ ಕೈ ಸಿಮೆಂಟಿಗೆ ಒಡೀತಾವ, ಅದು ಸುಣ್ಣದ ಉರಿ ಅಂತ ಗೊತ್ತದ. ಆದ್ರ ಕೆಲವರಿಗೆ ಕಜ್ಜಿಯಂಗ ಆಗಿ, ಮುಂದ ಸ್ವಲ್ಪೇ ಸಿಮೆಂಟ್ ಮುಟ್ಟಿದ್ರೂ ಎದ್ದುಬಿಡ್ತದ. ಇದರಾಗ ಕ್ರೋಮಿಯಂ ಅದ ಅಂತ ಒಬ್ರು ಹೇಳಿದ್ರು.

ಯಾದಗಿರಿ_ಲ್ಯಾಬ್
ಖರೇ ಹೇಳ್ಯಾರ. ಕಚ್ಚಾ ಸಾಮಾನಿನಾಗ ಕ್ರೋಮಿಯಂ ತುಸು ಇರ್ತದ, ಹೆಚ್ಚಾಗಿ +3. ಗೂಡಿನಾಗ 1400 ಡಿಗ್ರಿ ದಾಟಿದ ಶಾಖ, ಗಾಳಿ, ಕ್ಷಾರ ಮೂರೂ ಸೇರಿ ಒಂದಿಷ್ಟು +6 ಆಗ್ತದ. +6 ನೀರಿನಾಗ ಕರಗ್ತದ, ಚರ್ಮ ದಾಟಿ ಒಳಗ ಹೋಗ್ತದ, ಅಲ್ಲಿ +3 ಆಗಿ ಪ್ರೋಟೀನ್‌ಗೆ ಹತ್ತಿಕೊಳ್ತದ. ಒಮ್ಮೆ ಅಲರ್ಜಿ ಹತ್ತಿದ್ರ ಆಮ್ಯಾಲ ಬಿಡೋದು ಕಷ್ಟ. ಯುರೋಪಿನಾಗ 2005ರಿಂದ ಕರಗೋ +6 ಕ್ರೋಮಿಯಂ ಕಿಲೋಕ್ಕ 2 ಮಿಲಿಗ್ರಾಂ ಮೀರಬಾರದು ಅಂತ ಮಿತಿ ಹಾಕ್ಯಾರ. ಅದಕ್ಕ ಅವರು ಸಿಮೆಂಟಿಗೆ ಹಾಕೋದು ಏನು ಗೊತ್ತೇನು? ಕಾಕಾನ ಅನ್ನಭೇದಿ. ಮೂರು ಕಬ್ಬಿಣ +2, ಒಂದೊಂದು ಎಲೆಕ್ಟ್ರಾನ್ ಕೊಟ್ಟು ಒಂದು ಕ್ರೋಮಿಯಂ +6 ಅನ್ನ +3ಕ್ಕ ಇಳಿಸ್ತಾವ. ಚೀಲ ಭಾಳ ದಿನ ಇಟ್ರ ಅದೂ ಗಾಳಿಗೆ ಕೆಡ್ತದ, ಕಾಕಾನ ಡಬ್ಬಿಯಂಗೇ.

ನೀವು ಮಾಡಬೇಕಾದ್ದು: ಗೌಂಡಿಗಳಿಗೆ ರಬ್ಬರ್ ಕೈಗವಸು ಕೊಡ್ರಿ, ಒಳಗ ಸಿಮೆಂಟ್ ನೀರು ಹೋಗಿದ್ರ ಅದೇ ಗವಸು ಹಾಕ್ಕೊಂಡು ದಿನಾ ದುಡಸಬ್ಯಾಡ್ರಿ. ಕಜ್ಜಿ ಎದ್ದವರನ್ನ ಚರ್ಮದ ಡಾಕ್ಟರ್ ಹತ್ರ ಕಳಸ್ರಿ.

ಕಟ್ಟಡ_ಕಲಬುರಗಿ
ಕೈಗವಸು ತರಸ್ತೀನಿ. ಹಾಕ್ಕೊಳ್ಳೋದು ಅವರ ಕೈಯಾಗ ಅದ, ಈ ಬಿಸಿಲಿಗೆ ಯಾರೂ ಹಾಕ್ಕೊಳ್ಳಂಗಿಲ್ಲ.

ಎರಿ_ಹೊಲ
ಕ್ರೋಮಿಯಂ ಆಯ್ತು. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ನೀರಿನಾಗ ಆರ್ಸೆನಿಕ್ ಸಿಕ್ಕಿತ್ತಲ್ಲ, ಅದೂ ಹಿಂಗೇ ಸ್ಥಿತಿ ಬದಲಾಯಿಸೋದೇ?

ಯಾದಗಿರಿ_ಲ್ಯಾಬ್
ಬದಲಾಯಿಸ್ತದ, ಆದ್ರ ಅದು ಸಂಕ್ರಮಣ ಲೋಹ ಅಲ್ಲ, ಪಿ ಬ್ಲಾಕ್ (ಕೋಷ್ಟಕದ ಬಲಗಡೆಯ ಗುಂಪು). ಅವರ ಚಾಳಿ ಬೇರೆ: +3, +5 ಅಂತ ಎರಡೆರಡಾಗಿ ಜಿಗೀತಾವ. ಮ್ಯಾಂಗನೀಸ್, ವೆನೇಡಿಯಂ ಒಂದೊಂದಾಗಿ ಇಳೀತಾವ. +5 ಆರ್ಸೆನಿಕ್‌ಗೆ ನೀರಿನಾಗ ಋಣ ಚಾರ್ಜ್ ಇರ್ತದ, ಕಬ್ಬಿಣ +3ರ ಗಸಿಗೆ ಹತ್ತಿಕೊಂಡು ಅದರ ಜೋಡಿ ಕೆಳಗ ಕೂಡ್ತದ. +3 ಆರ್ಸೆನಿಕ್‌ಗೆ ಚಾರ್ಜೇ ಇರಂಗಿಲ್ಲ, ಜಾರಿ ಹೋಗ್ತದ. ಅದಕ್ಕ ತೆಗೆಯೋ ಘಟಕದಾಗ ಮೊದಲು +5 ಮಾಡ್ಕೋತಾರ, ಆಮ್ಯಾಲ ಕಬ್ಬಿಣ. ಕುಡಿಯೋ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರ್‌ಗೆ 10 ಮೈಕ್ರೋಗ್ರಾಂ. ಕಣ್ಣಿಗೆ, ರುಚಿಗೆ ಏನೂ ಗೊತ್ತಾಗಂಗಿಲ್ಲ, ಕುದಿಸಿದ್ರೂ ಹೋಗಂಗಿಲ್ಲ.

ಬಿದ್ರಿ_ಮನಿ
ಕಬ್ಬಿಣದ ಮಾತು ಬಂದದ ಅಂತ. ನಮ್ಮ ಬೀದರ್ ಕೋಟಿ ಕಟ್ಟಿದ ಕೆಂಪು ಕಲ್ಲೂ ಕಬ್ಬಿಣದ್ದೇ ಅಂತಾರ. ಅಗದಾಗ ಮೆತ್ತಗ, ಗಾಳಿಗೆ ಬಿಟ್ರ ಗಟ್ಟಿ.

ಬ್ಯುರೆಟ್_ಮೇಷ್ಟ್ರು
ಹೌದು, ಜಂಬಿಟ್ಟಿಗೆ. ಕೆಳಗಿನ ಕರಿಕಲ್ಲು ಬಸಾಲ್ಟ್, ಅದರಾಗ ಕಬ್ಬಿಣ ಬಹಳಷ್ಟು +2. ಲಕ್ಷಾಂತರ ವರ್ಷದ ಮಳಿ, ಗಾಳಿಗೆ ಸಿಲಿಕಾ ತೊಳದು ಹೋಗಿ, ಕಬ್ಬಿಣ +3 ಆಗಿ ಆಕ್ಸೈಡ್ ರೂಪದಾಗ ಉಳದದ, ಅದಕ್ಕ ಕೆಂಪು. ಜೋಡಿಗೆ ಉಳದ ಅಲ್ಯುಮಿನಿಯಂ ಮೊದಲೂ +3, ಈಗೂ +3, ಬಣ್ಣಕ್ಕ ಅದರ ಕೊಡುಗಿ ಏನೂ ಇಲ್ಲ. ಯಾದಗಿರಿ ಜಿಲ್ಲೆಯ ಗೋಗಿಯ ಯುರೇನಿಯಂ ಬಗ್ಗೆನೂ ಯಾರರ ಕೇಳ್ತೀರಿ, ಈಗೇ ಹೇಳಿಬಿಡ್ತೀನಿ: +4 ಇದ್ದಾಗ ಕಲ್ಲಿನಾಗ ಕೂಡ್ತದ, +6 ಆದ್ರ ನೀರಿನಾಗ ಕರಗಿ ಹರೀತದ. ಅದು ಎಫ್ ಬ್ಲಾಕ್, ಬೇರೆ ಎಳಿ ತೆಗೀರಿ.

ಸೇಡಂ_ಪಿಯು
ಕಡೀ ಪ್ರಶ್ನೆ ಸರ. ನಾಳೆ ಪ್ರಾಕ್ಟಿಕಲ್, ಪರಮಾಂಗನೇಟ್ ಟೈಟ್ರೇಷನ್. +7 ಅಂದ್ರ ಡಿ ಪೂರಾ ಖಾಲಿ. ಬಣ್ಣ ಬರೋದು ಡಿ ಎಲೆಕ್ಟ್ರಾನ್ ಜಿಗಿದಾಗ ಅಂತ ಓದೀವಿ. ಎಲೆಕ್ಟ್ರಾನೇ ಇಲ್ಲದ್ದಕ್ಕ ಇಷ್ಟು ಕಡು ನೇರಳೆ ಹೆಂಗ?

ಬ್ಯುರೆಟ್_ಮೇಷ್ಟ್ರು
ಜಿಗಿಯೋ ಎಲೆಕ್ಟ್ರಾನ್ ಆಕ್ಸಿಜನ್‌ದು. ಬೆಳಕು ಬಿದ್ದಾಗ ಆಕ್ಸಿಜನ್‌ನಿಂದ ಒಂದು ಎಲೆಕ್ಟ್ರಾನ್ ಖಾಲಿ ಇರೋ ಮ್ಯಾಂಗನೀಸ್ ಡಿ ಕಕ್ಷಕಕ್ಕ ಹೋಗ್ತದ. ಇದಕ್ಕ ಚಾರ್ಜ್ ವರ್ಗಾವಣೆ ಅಂತಾರ. ಡಿಯಿಂದ ಡಿಗೆ ಜಿಗಿಯೋ ಬಣ್ಣಕ್ಕಿಂತ ಇದು ನೂರಾರು ಪಟ್ಟು ಗಾಢ. ಟೈಟ್ರೇಷನ್ ಮುಗಿದಾಗ ಉಳಿಯೋ +2 ಮ್ಯಾಂಗನೀಸ್‌ಗೆ ಐದು ಡಿ ಎಲೆಕ್ಟ್ರಾನ್ ಇದ್ರೂ ಬಣ್ಣ ಕಾಣಂಗಿಲ್ಲ ಅನ್ನಬಹುದು. ಹಾಕಿದ ನೇರಳೆ ಹೋಗದಂಗ ಉಳಿದ್ರ ಮುಗೀತು ಅಂತ ಗೊತ್ತಾಗ್ತದ, ಅದಕ್ಕೇ ಬೇರೆ ಸೂಚಕ ಬೇಕಾಗಂಗಿಲ್ಲ. ಡೈಕ್ರೋಮೇಟ್ ಕಿತ್ತಳೆ ಆಗಿರೋದಕ್ಕೂ ಇದೇ ಕಾರಣ.

ನಾಳೆಗೆ: ದುರ್ಬಲ ಸಲ್ಫ್ಯೂರಿಕ್ ಆಮ್ಲನೇ ಹಾಕು. ಹೈಡ್ರೋಕ್ಲೋರಿಕ್ ಹಾಕಿದ್ರ ಪರಮಾಂಗನೇಟ್ ಕ್ಲೋರೈಡನ್ನೂ ತಿಂದು ರೀಡಿಂಗ್ ಹೆಚ್ಚು ಬರ್ತದ. ಆಮ್ಲ ಕಡಿಮಿ ಬಿದ್ರ +2 ತನಕ ಇಳಿಯಂಗಿಲ್ಲ, +4ಕ್ಕ ನಿಂತು ಕಂದು ಗಸಿ ಆಗ್ತದ. ಐದು ಎಲೆಕ್ಟ್ರಾನ್ ಲೆಕ್ಕ ಮೂರಕ್ಕ ಬೀಳ್ತದ. ಆಕ್ಸಾಲಿಕ್ ಆಮ್ಲ ಕೊಟ್ರ 60–70 ಡಿಗ್ರಿ ಬಿಸಿ ಮಾಡ್ಕೋ. ಮೊದಲ ಹನಿಗಳ ಬಣ್ಣ ಜಲ್ದಿ ಹೋಗಂಗಿಲ್ಲ, ಗಾಬರಿ ಆಗಬ್ಯಾಡ, +2 ಮ್ಯಾಂಗನೀಸ್ ತುಸು ಹುಟ್ಟಿದಮ್ಯಾಲ ಅದೇ ಕ್ರಿಯೆಯನ್ನ ಓಡಸ್ತದ. ಬ್ಯುರೆಟ್‌ನಾಗ ಮ್ಯಾಲಿನ ಅಂಚು ಓದು, ಕೆಳಗಿನ ಬಾಗು ಕಾಣಂಗಿಲ್ಲ. ಬೆರಳಿಗೆ ಕಂದು ಕಲೆ ಹತ್ತಿದ್ರ ಅದು +4 ಮ್ಯಾಂಗನೀಸ್. ನಿಂಬಿ ಹಣ್ಣು ಉಜ್ಜಿ ತೊಳಕೋ, ಹೋಗ್ತದ.